ಒಡೆಯದ ಗಾಜು

ಪುಣೆಯ ಶಿವಾಜಿನಗರದ ಆ ಹಳೆಯ ವಾಚನಾಲಯದ ಮೆಟ್ಟಿಲು ಹತ್ತುವಾಗಲೇ ನೀರಜಾ ಮೂಗು ಮುರಿದಳು. ನೂರಾ ಮೂವತ್ತು ವರ್ಷದ ಕಲ್ಲಿನ ಕಟ್ಟಡ, ಅದರ ಬಾಗಿಲಿಗೆ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ! ಕಮಾನಿನ ಕೆತ್ತನೆ ಕಾಣದಂತೆ ಕಮಿಟಿಯವರ ಹನ್ನೊಂದು ಮುಖಗಳ ಫ್ಲೆಕ್ಸ್. ಆ ಹನ್ನೊಂದರಲ್ಲಿ ಒಂದಾದರೂ ಪುಸ್ತಕ ಬಿಚ್ಚಿ ಓದಿದ ಮುಖವೇ? ದೇವರಾಣೆಗೂ ಅಲ್ಲ.

ನೀರಜಾ ಧಾರವಾಡದವಳು. ಇದೇ ಊರಿನ ಕೋಥರೂಡಿಗೆ ಬಂದು ಇಪ್ಪತ್ತಾರು ವರ್ಷ. ಹಳೆಯ ಕಟ್ಟಡಗಳು ನಿಲ್ಲುತ್ತವೋ ಬೀಳುತ್ತವೋ ಎಂದು ಹೇಳುವ ಎಂಜಿನಿಯರ್. ಈ ಕೆಲಸ ಬಲ್ಲವರು ಊರಿನಲ್ಲಿ ನಾಲ್ಕೇ ಮಂದಿ, ಅವರಲ್ಲಿ ಮೂವರು ಶತದಡ್ಡರು ಎಂದು ಅವಳು ಎಲ್ಲರೆದುರೂ ಹೇಳುವವಳು. ಗೋಡೆ ಬಿರುಕು ಬಿಟ್ಟಿದೆಯೆಂದು ವಾಚನಾಲಯದ ಸಭಾಂಗಣದ ಮೇಲ್ಗಡೆಯ ಸಾಗುವಾನಿ ಗ್ಯಾಲರಿಯನ್ನು ನಾಲ್ಕು ತಿಂಗಳ ಹಿಂದೆ ಮುಚ್ಚಿಸಿದವಳು ಅವಳೇ. ಈಗ ಅವಳೇ ಸಹಿ ಹಾಕಿ ತೆರೆಸುತ್ತಿದ್ದಳು. ಅದಕ್ಕೇ ಈ ಭಾನುವಾರದ ಸಮಾರಂಭ, ಅವಳಿಗೊಂದು ಶಾಲು, ಒಂದು ತೆಂಗಿನಕಾಯಿ.

ಫೋಟೋದಲ್ಲಿ ಗ್ಯಾಲರಿ ತುಂಬಿ ಕಾಣಲೆಂದು ಕಮಿಟಿಯವರು ಬೆಳಿಗ್ಗೆಯೇ ಮಂದಿಯನ್ನು ಮೇಲೆ ಹತ್ತಿಸಿದ್ದರು. ಎಂಬತ್ತು ಜನ, ಎಲ್ಲ ಸರಕಾರಿ ನೌಕರಿಯ ಪರೀಕ್ಷೆಗೆ ಓದುವವರು. ನಸುಕಿನ ಐದಕ್ಕೆ ಸಾಲು ನಿಂತು ಹಿಡಿದ ಕುರ್ಚಿಗಳಲ್ಲಿ ದಪ್ಪ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು.

ಸೆಕ್ರೆಟರಿ ಮಂದಾರ ದೇಸಾಯಿ ಓಡೋಡಿ ಬಂದ. ಮನೆತನ ಬೆಳಗಾವಿಯದು, ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲಿ. ಅವನ ಕನ್ನಡದಲ್ಲಿ ಅರ್ಧ ಮರಾಠಿ, ತಲೆಯಲ್ಲಿ ಅರ್ಧ ಹೊಟ್ಟು ಎಂದು ನೀರಜಾ ಮನೆಯಲ್ಲಿ ಆಡಿ ನಗುವುದಿತ್ತು.

“ಯಾ ಯಾ, ಬರ್ರಿ ಮ್ಯಾಡಮ್! ಮೊದಲ ನಿಮ್ಮ ಗಾಜು ನೋಡ್ರಿ. ಆರಕ್ಕ ಆರೂ ಗಟ್ಟಿಮುಟ್ಟ ಅದಾವ!”

ಗಾಜಿನ ಸಂಗತಿ ಇಷ್ಟೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಯನ್ನು ಗೋಡೆಗೆ ಬಿಗಿಯಾಗಿ ಕೂಡಿಸುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಗೋಡೆ ಸರಿಯುವುದು ನಿಂತಿದೆ ಎಂದರ್ಥ. ನೀರಜಾ ಆರು ಕಡೆ ಹಚ್ಚಿಸಿ, ಸೋಮವಾರಕ್ಕೊಮ್ಮೆ ಫೋಟೋ ಕಳಿಸಿರೆಂದು ಹೇಳಿ ಹೋಗಿದ್ದಳು.

“ನೀವು ಹಚ್ಚಿಸಿದ್ದು ಭಾಳ ಹಲ್ಕಾ ಮಾಲು ಇತ್ತು ಬಿಡ್ರಿ,” ಎಂದ ಮಂದಾರ. “ಎರಡನೇ ವಾರಕ್ಕ ಟಕ್ ಅಂತ ಒಡೀತು. ಹೊಸಾದು ಹಚ್ಚಿಸಿದೆ, ಅದೂ ಒಡೀತು. ಮೂರು ಸಲ! ಕಡೀಕ ನಾನ ತಲಿ ಓಡಿಸಿ ಅಕ್ರಿಲಿಕ್ ಹಾಕ್ಸಿದೆ, ರಬ್ಬರಿನಂಥಾ ಅಂಟು ಹಚ್ಚಿ. ಹತ್ತು ವರ್ಷ ಗ್ಯಾರಂಟಿ!”

ನೀರಜಾ ಒಳಗೆ ಹೋಗಿ ಗೋಡೆಯ ಪಟ್ಟಿಯ ಮೇಲೆ ಉಗುರು ಒತ್ತಿದಳು. ಅದು ಬಾಗಿತು. ಬಿರುಕಿಗೆ ಸಿಮೆಂಟು ತುಂಬಿ ಬಣ್ಣ ಬಳಿದಿದ್ದರು, ಆ ಹೊಸ ಬಣ್ಣವೂ ಆಗಲೇ ಉದ್ದಕ್ಕೆ ಸೀಳಿತ್ತು. ಅಂದರೆ ಗೋಡೆ ಇನ್ನೂ ಸರಿಯುತ್ತಿದೆ. ಅದರಲ್ಲಿ ಹುದುಗಿದ ತೊಲೆಗಳ ಮೇಲೆ ಎಂಬತ್ತು ಜನ.

ಎಂಥ ಮುಠ್ಠಾಳ! ಜ್ವರ ತೋರಿಸುತ್ತದೆಂದು ಥರ್ಮಾಮೀಟರನ್ನೇ ಬದಲಿಸುವವ! ಅವಳ ನಾಲಿಗೆ ತುದಿಗೆ ಬೈಗುಳ ಬಂದಿತ್ತು, ಅಲ್ಲೇ ನಿಂತಿತು. ಹನ್ನೆರಡು ಸೋಮವಾರ ಈ ಪಟ್ಟಿಗಳದೇ ಫೋಟೋ ಬಂದಿದ್ದವು. ಗಾಜಿಗೂ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸ ಕಾಣಬೇಕಾದರೆ ಅವನ್ನು ದೊಡ್ಡದು ಮಾಡಿ ನೋಡಬೇಕಿತ್ತು. ಅವಳು ಚಹಾ ಕುಡಿಯುತ್ತ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದ್ದಳು.

ಫಕೀರಪ್ಪ ಮೂರು ಸಲ ಫೋನ್ ಮಾಡಿದ್ದ. ಖಾನಾಪುರದ ಕಡೆಯ ಗೌಂಡಿ, ಅರವತ್ತು ದಾಟಿದವ, ಇಲ್ಲಿಯ ಗಾರೆ ಕೆಲಸವೆಲ್ಲ ಅವನದೇ. “ಬಾಯಾರ, ತೊಲಿ ಬಡದ್ರ ದನಿ ಸರಿ ಬರವಲ್ತು. ಒಮ್ಮೆ ಬಂದು ನೋಡ್ರಲಾ,” ಎಂದಿದ್ದ. “ನಿನ್ನ ಕಿವಿ ನಂಬಿ ಕಟ್ಟಡ ನಿಂದ್ರೂದಿಲ್ಲ ಫಕೀರಪ್ಪ. ನನ್ನ ಕಡೆ ಫೋಟೋ ಅದಾವ,” ಎಂದು ಅವಳು ಫೋನ್ ಇಟ್ಟಿದ್ದಳು.

ಈಗ ಅವನು ಬಾಗಿಲಾಚೆ ನಿಂತಿದ್ದ. ಅವಳು ಕೈಮಾಡಿ ಕರೆದರೂ ಹೊಸ್ತಿಲು ದಾಟಲಿಲ್ಲ.

“ಇಲ್ರಿ ಬಾಯಾರ. ಮ್ಯಾಲಿನ ಮಂದಿ ಇಳೀತನಕ ನಾ ಅದರ ಬುಡಕ ಬರಂಗಿಲ್ಲ.”

ನೀರಜಾ ಮಂದಾರನನ್ನು ಕಂಬದ ಮರೆಗೆ ಎಳೆದು, ಎಲ್ಲರನ್ನೂ ಈಗಿಂದೀಗಲೇ ಇಳಿಸಬೇಕೆಂದಳು. ಅವನು ಕೈಮುಗಿದ.

“ಒಂದ ತಾಸು ತಡ್ಕೊಳ್ರಿ ಮ್ಯಾಡಮ್. ಸಮಾರಂಭಕ್ಕ ಪಾವ್ಣೇರು ಬರಾಕತ್ತಾರ. ನಾಳೆ ಏನರ ನೆಪ ಹೇಳಿ ಮುಚ್ಚೂಣು. ನಿಮ್ಮ ಹೆಸರೂ ಕೆಡಂಗಿಲ್ಲ.”

ಕೊನೆಯ ಮಾತು ಅವಳಿಗೆ ನಾಟಿತು. ಒಂದು ಕ್ಷಣ, ಹೌದು, ಒಂದು ಕ್ಷಣ ಅವಳು ಗಡಿಯಾರ ನೋಡಿದಳು. ಆಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಗಿ ವೇದಿಕೆ ಹತ್ತಿ ಮೈಕು ಕಿತ್ತುಕೊಂಡಳು. ಗ್ಯಾಲರಿ ಅಪಾಯದಲ್ಲಿದೆ, ಐದೈದು ಮಂದಿಯಂತೆ ಕೆಳಗಿಳಿಯಿರಿ ಎಂದು ಮರಾಠಿಯಲ್ಲಿ ಹೇಳಿದಳು.

ಯಾರೂ ಏಳಲಿಲ್ಲ. ಮುಂದಿನ ಸಾಲಿನ ಅನುಜಾ ಎಂಬ ಹುಡುಗಿ ಗ್ಯಾಲರಿಯ ಕಟಕಟೆಯ ಮೇಲೆ ಬಾಗಿ ಮರಾಠಿಯಲ್ಲೇ ಕೇಳಿದಳು:

“ಸುರಕ್ಷಿತ ಅಂತ ಎಂಜಿನಿಯರ್ ಬರೆದುಕೊಟ್ಟ ಪತ್ರ ಮೆಟ್ಟಿಲ ಹತ್ತಿರವೇ ತೂಗುಹಾಕಿದ್ದಾರಲ್ಲ? ಅತಿಥಿಗಳಿಗೆ ಜಾಗ ಬೇಕಿದ್ದರೆ ನೇರವಾಗಿ ಹೇಳಿ. ನಾಲ್ಕು ತಿಂಗಳು ಫುಟ್‌ಪಾತಿನಲ್ಲಿ ಕೂತು ಓದಿದ್ದೇವೆ. ಇಳಿಯುವುದಿಲ್ಲ.”

ಮೇಲೆ ಚಪ್ಪಾಳೆ ಬಿತ್ತು, ಹಲಗೆಗಳು ಅದುರಿದವು. ನೀರಜಾ ಮೈಕನ್ನು ಮತ್ತೆ ಬಾಯಿಗೆ ಹಿಡಿದಳು.

“ಆ ಎಂಜಿನಿಯರ್ ನಾನೇ,” ಎಂದಳು. “ಆ ಪತ್ರ ಸುಳ್ಳು. ನಾನು ಬಂದು ನೋಡದೆ ಸಹಿ ಹಾಕಿದೆ.”

ಚಪ್ಪಾಳೆ ನಿಂತಿತು. ಅವರು ಪುಸ್ತಕ ಕಟ್ಟಿಕೊಂಡು ಐದೈದಾಗಿ ಇಳಿದರು. ಇಳಿದವರೆಲ್ಲ ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಹೋದರು. ಅನುಜಾ ಹತ್ತಿರ ಬಂದು ನಿಂತಳು.

“ಒಂದು ಸಲವೂ ಬಂದು ನೋಡಲಿಲ್ಲವಾ?”

“ಇಲ್ಲ.”

ಹುಡುಗಿ ‘ಛೀ’ ಎಂದು ಹೊರಗೆ ನಡೆದಳು.

ಗ್ಯಾಲರಿ ಖಾಲಿಯಾದ ಮೇಲೆ ಫಕೀರಪ್ಪ ಒಳಗೆ ಬಂದ. ಏಣಿ ಇಟ್ಟು ಹತ್ತಿ, ತೊಲೆ ಗೋಡೆಗೆ ಸೇರುವಲ್ಲಿ ಗಿಲಾವು ಕೆತ್ತಿದ. ಮಳೆನೀರು ಇಳಿದಿಳಿದು ಒಳಗಿನ ಮರ ಕೊಳೆತಿತ್ತು. ಉಳಿ ಹಿಡಿಯ ತನಕ ಒಳಗೆ ಹೋಯಿತು. ಅವನು ಒಂದು ಹಿಡಿ ಮರದ ಹಿಟ್ಟು ತೆಗೆದು, ಇಳಿದು ಬಂದು ನೀರಜಾಳ ಅಂಗೈಗೆ ಸುರಿದ.

ಅವಳಿಗೆ ಯಾರ ಮೇಲಾದರೂ ಹರಿಹಾಯದೆ ಇರಲಾಗಲಿಲ್ಲ. ಮಂದಾರನ ಕಡೆ ತಿರುಗಿದಳು.

“ಗಾಜು ಯಾಕ ಒಡೀತದ ಅಂತ ಒಂದ ಮಾತು ನನ್ನ ಕೇಳೂದಲ್ಲೇನ್ರಿ? ಅಷ್ಟೂ ತಿಳಿವಳಿಕಿ ಬ್ಯಾಡೇನು?”

ಮಂದಾರ ಅವಳಿಗೆಂದು ತಂದ ಶಾಲನ್ನು ಮಡಚಿ ಚೀಲದೊಳಗೆ ಹಾಕುತ್ತಿದ್ದ.

“ನನಗ ತಿಳೀಲಿಲ್ರಿ ಮ್ಯಾಡಮ್. ನಾ ದಡ್ಡ, ಅದು ನಿಮಗ ಗೊತ್ತ ಅದ,” ಎಂದ. “ಅಂಥಾ ದಡ್ಡನ ಫೋಟೋ ನೋಡಿ ನೀವು ಹೆಂಗ ಸಹಿ ಹಾಕಿದ್ರಿ?”