ಒಂದು ಗೇಣು ಮೇಲಕ್ಕೆ

“ಬಾಯಿ ಅಗಲಿಸೇ, ಮುಂಡೇದೆ! ದನ ಆದ್ರೂ ಇದಕ್ಕಿಂತ ಚೆನ್ನಾಗಿ ಹಲ್ಲು ತೋರಿಸತ್ತೆ.”

ಕನ್ನಡಕದ ಸಾಹೇಬ ಪೆನ್ನಿನ ಹಿಂಬದಿಯಿಂದ ನನ್ನ ಮೊಮ್ಮಗಳ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದ. ಅವಳಿಗೆ ಕೆಮ್ಮು ಬಂತು. ತಡೆದಳು. ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಆಗದೆ ಅವನ ಕೈ ಮೇಲೆಯೇ ಕೆಮ್ಮಿಬಿಟ್ಟಳು. ಅವನು ಪೆನ್ನನ್ನು ಬುಟ್ಟಿಗೆ ಎಸೆದು, ಕೈಯನ್ನು ಅವಳ ಹೆಗಲ ಬಟ್ಟೆಗೇ ಒರೆಸಿದ.

“ಇಪ್ಪತ್ತೆಂಟು ಹಲ್ಲು. ಹದಿನೆಂಟು ವರ್ಷ ಅಂತ ಬರ್ಕೋ,” ಎಂದು ಗುಮಾಸ್ತನಿಗೆ ಹೇಳಿದ.

“ಹದಿನಾಲ್ಕು ಸ್ವಾಮಿ,” ಎಂದೆ ನಾನು.

“ಕಾಗದ ಇದೆಯಾ?”

“ಕಾಗದ ಸುಟ್ಟೋಯ್ತು. ಇವಳು ಹುಟ್ಟಿದ ವರ್ಷ ನಾನು ಮಡಕೆ ಸುಡೋ ಗೂಡು ಕಟ್ಟಿದ್ದು. ವರ್ಷಕ್ಕೊಂದ್ಸಲ ಅದರ ಗೋಡೆಗೆ ಮಣ್ಣು ಮೆತ್ತತೀವಿ. ಊರು ಬಿಟ್ಟಾಗ ಹದಿಮೂರು ಪದರ ಆಗಿತ್ತು. ಆಮೇಲೊಂದು ವರ್ಷ.”

“ಗೋಡೆ ತಂದಿದ್ದೀಯಾ, ಮುದುಕ?”

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಡಿ ದಾಟಿ ಬಂದ ನಮ್ಮನ್ನು ಈ ಬೇಲಿಯೊಳಗೆ ಕೂಡಿಹಾಕಿ ಎಂಟು ತಿಂಗಳಾಗಿತ್ತು. ಅವರ ಭಾಷೆಯನ್ನು ಬೈಗುಳದಿಂದ ಶುರು ಮಾಡಿ ಕಲಿತಿದ್ದೆವು. ಅವರು ನಕ್ಕಾಗ ನಗುವುದನ್ನೂ ಕಲಿತಿದ್ದೆವು.

ಮೊಮ್ಮಗಳು ಉದ್ದ. ಕಾಲು ಉದ್ದ, ಕತ್ತು ಉದ್ದ. ಹಾಗಾಗಿ ಚಿಕ್ಕಂದಿನಿಂದ ಅವಳನ್ನು ಕೊಕ್ಕರೆ ಎಂದೇ ಕರೆಯುವುದು. ಅವಳ ಅಪ್ಪ ಅಮ್ಮನನ್ನು ದಾರಿಯಲ್ಲಿ ಕಳೆದುಕೊಂಡೆವು. ಆ ಉದ್ದವೇ ಇಲ್ಲಿ ಅವಳಿಗೆ ಶತ್ರುವಾಯಿತು. ಹದಿನೆಂಟು ತುಂಬದವರನ್ನು ಈ ಬೇಲಿಯೊಳಗೆ ಇಡುವಂತಿಲ್ಲ, ಕಾಯಿಲೆಯಾದರೆ ಪಟ್ಟಣದ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಅದು ಅವರದೇ ಕಾನೂನು. ಹದಿನೆಂಟು ತುಂಬಿದವರು ಸರದಿ ಕಾಯಬೇಕು. ಸರದಿ ಬಂದವರನ್ನು ನಾನಂತೂ ನೋಡಿಲ್ಲ.

ಕೆಮ್ಮಿಗೆ ಎಂಟು ವಾರ. ಸಂಜೆಯಾದರೆ ಮೈ ಬಿಸಿ. ಕಫದಲ್ಲಿ ದಾರದ ಎಳೆಯಂಥ ರಕ್ತ.

ಇಲ್ಲಿನ ದವಾಖಾನೆಯ ನರ್ಸಿಗೆ ನಾವಿಟ್ಟ ಹೆಸರು ಮಾತ್ರೆಯಮ್ಮ. ಕಿಟಕಿಯ ಸಂದಿಯಿಂದ ಕೈ ಬರುತ್ತದೆ, ಕೈಯಲ್ಲಿ ಎರಡು ಬಿಳಿ ಮಾತ್ರೆ ಇರುತ್ತವೆ. ಕಾಲು ಮುರಿದವನಿಗೂ ಅದೇ, ಹೆರಿಗೆ ನೋವಿಗೂ ಅದೇ.

“ಅಮ್ಮಾ, ಮಗೂಗೆ ಬಲಗಡೆ ಎದೆ ಮಂಕಾಗಿದೆ,” ಎಂದಿದ್ದೆ ಅವಳಿಗೆ.

“ಮಂಕು ಅಂದ್ರೆ?”

“ಸದ್ದು. ನಾನು ಕುಂಬಾರ. ಮಡಕೆಗೆ ಬೆರಳ ಗಿಣ್ಣಲ್ಲಿ ಬಡಿದ್ರೆ ಬಿರುಕು ಎಲ್ಲಿದೆ, ಹಸಿ ಎಲ್ಲಿದೆ ಗೊತ್ತಾಗತ್ತೆ. ಇವಳ ಬೆನ್ನಿಗೂ ಬಡಿದು ನೋಡ್ದೆ. ಎಡಗಡೆ ಟಣ್ ಅನ್ನತ್ತೆ. ಬಲಗಡೆ ಮೇಲೆ, ರೆಕ್ಕೆ ಮೂಳೆ ಹತ್ರ, ಹಸಿ ಮಣ್ಣಿಗೆ ಬಡಿದ ಹಾಗೆ.”

“ಅಯ್ಯೋ ತಾತ, ನೀನೇ ಡಾಕ್ಟರಾದ್ಯಲ್ಲ! ನನ್ನ ಕುರ್ಚಿ ಬಿಟ್ಟುಕೊಡ್ಲಾ?” ಎಂದು ಮಾತ್ರೆಯಮ್ಮ ನಕ್ಕಳು. ಕೆಟ್ಟವಳಲ್ಲ. ಅವತ್ತು ಎರಡರ ಬದಲು ನಾಲ್ಕು ಮಾತ್ರೆ ಕೊಟ್ಟಳು.

ಹೊರಗಿನಿಂದ ಯಾರೋ ವಕೀಲಮ್ಮ ಮಕ್ಕಳ ಪರವಾಗಿ ಅರ್ಜಿ ಹಾಕಿದ್ದರಂತೆ. ಹಲ್ಲು ನೋಡಿದರೆ ಸಾಲದು, ಮೂಳೆ ನೋಡಿ ವಯಸ್ಸು ಹೇಳಬೇಕು ಎಂದು ಮೇಲಿನಿಂದ ಆಜ್ಞೆ ಬಂದಿತ್ತು. ಅದಕ್ಕಾಗಿ ಎಕ್ಸ್‌ರೇ ವ್ಯಾನು ಬರುತ್ತಿತ್ತು. ಹೋದ ತಿಂಗಳು ಒಂದು ಸಲ ಬಂದು ಒಂಬತ್ತು ಮಕ್ಕಳ ಎಡಗೈ ತೆಗೆದಿತ್ತು. ಒಂಬತ್ತಕ್ಕೂ ಹದಿನೆಂಟು ದಾಟಿದೆ ಎಂದೇ ಬಂತು.

“ನನ್ನ ಮಗಳು ಇನ್ನೂ ದೊಡ್ಡೋಳಾಗಿಲ್ಲ. ಅವಳಿಗೆ ಹತ್ತೊಂಬತ್ತು ಅಂತೆ!” ಎಂದಳು ನಮ್ಮ ಪಕ್ಕದ ಚಾಪೆಯ ಟೈಲರಮ್ಮ. “ಇನ್ನೆರಡು ಫೋಟೋ ತೆಗೆದ್ರೆ ನನಗಿಂತ ಹಿರಿಯಳಾಗ್ತಾಳೆ, ನಾನೇ ಅವಳ ಕಾಲಿಗೆ ಬೀಳ್ಬೇಕು. ಹಲ್ಕಾ ನನ್ ಮಕ್ಳು. ಆ ವ್ಯಾನಿನವನು ಫೋಟೋ ನೋಡೋದೇ ಇಲ್ಲ, ಅಣ್ಣಾ. ಮೊದ್ಲೇ ಬರ್ಕೊಂಡು ಬಂದಿರ್ತಾನೆ.”

ನಾನು ಆ ಮಾತು ನಂಬಿದೆ. ನಂಬದಿರಲು ಕಾರಣವೇನಿತ್ತು? ಆದರೆ ಇನ್ನೊಂದು ಯೋಚನೆ ತಲೆಗೆ ಹೊಕ್ಕಿತು. ಮೈಯೊಳಗೆ ನೋಡುವ ಯಂತ್ರ ನಮ್ಮ ಬಾಗಿಲಿಗೇ ಬರುತ್ತದೆ. ಮೊಮ್ಮಗಳ ಎಡಗೈಯನ್ನು ಅದರ ಕೆಳಗೆ ಇಡುತ್ತಾರೆ. ಅಲ್ಲಿಂದ ಅವಳ ಎದೆಗೆ ಎಷ್ಟು ದೂರ?

ವ್ಯಾನಿನೊಳಗೆ ಸ್ಪಿರಿಟ್ಟಿನ ವಾಸನೆ. ಕಬ್ಬಿಣದ ಮೇಜು, ಅದರ ಮೇಲೆ ಕಪ್ಪು ಪ್ಲೇಟು. ಯಂತ್ರದ ಮೂತಿ ಮೇಲಿನಿಂದ ಕೆಳಗೆ ನೋಡುತ್ತಿತ್ತು. ಫೋಟೋ ತೆಗೆಯುವವನು ಎಳೆಯ ಪ್ರಾಯದವನು. ಹುಡುಗಿ ಕೆಮ್ಮಿ ನಡುಗುತ್ತಿದ್ದುದನ್ನು ಕಂಡು, “ನೀವು ಹಿಡ್ಕೊಳ್ಳಿ ತಾತ,” ಎಂದು ನನಗೆ ಸೀಸದ ಭಾರದ ಅಂಗಿ ತೊಡಿಸಿದ. ಯಾರೂ ನನಗೆ ಬಹುವಚನ ಹಚ್ಚಿ ಎಂಟು ತಿಂಗಳಾಗಿತ್ತು. ಆಗಲೇ ನನಗೆ ಹೊಳೆಯಬೇಕಿತ್ತು.

ಕನ್ನಡಕದ ಸಾಹೇಬ ರಿಜಿಸ್ಟರು ಹಿಡಿದು ಬಾಗಿಲಲ್ಲಿ ನಿಂತಿದ್ದ.

“ತಮ್ಮಾ,” ಎಂದೆ ಮೆಲ್ಲಗೆ. “ಆ ಪ್ಲೇಟು ಒಂದು ಗೇಣು ಮೇಲಕ್ಕೆ ಸರಿಸಪ್ಪಾ. ಕೈ ಬೇಡ, ಎದೆ ತೆಗಿ. ನಿನ್ನ ಮಕ್ಕಳು ತಣ್ಣಗಿರಲಿ.”

“ನನಗಿನ್ನೂ ಮದುವೇನೇ ಆಗಿಲ್ಲ ತಾತ.” ನಗಲು ನೋಡಿದ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಚೀಟೀಲಿ ಎಡಗೈ ಅಂತ ಮಾತ್ರ ಇದೆ. ತಲೆಗೊಂದೇ ಪ್ಲೇಟು.”

“ಏನಯ್ಯಾ ಅದು ಗುಸುಗುಸು?” ಸಾಹೇಬ ಕೂಗಿದ. “ಬೇಗ ಮುಗಿಸು. ಇನ್ನೂ ಆರು ಬೇವರ್ಸಿಗಳು ಇದಾವೆ.”

ಅವನು ಕೊಕ್ಕರೆಯ ಎಡಗೈಯನ್ನು ಪ್ಲೇಟಿನ ಮೇಲೆ ಅಂಗಾತ ಹರಡಿ, ಮತ್ತೆ ತಿರುಗಿಸಿ ಬೋರಲು ಇಟ್ಟ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. “ಅಲ್ಲಾಡಬೇಡ ಕಣಮ್ಮಾ,” ಎಂದು ಅಡ್ಡಗೋಡೆಯ ಹಿಂದೆ ಹೋದ. ಸಾಹೇಬನೂ ಕಿರಣಕ್ಕೆ ಹೆದರಿ ಕೆಳಗಿಳಿದ.

ನಾನು ಅವಳ ಕಿವಿಯಲ್ಲಿ ಹೇಳಿದೆ. “ಕೊಕ್ಕರೆ, ನಿನ್ನ ಕೈ ಮೇಲೆ ನೀನೇ ಮಲಕ್ಕೋ. ಬಲಗಡೆ ಎದೆ ಇಡು. ಉಸಿರು ಬಿಗಿಹಿಡಿ.”

ಯಾಕೆ ಎಂದು ಕೇಳಲಿಲ್ಲ. ಉದ್ದನೆಯ ಮೈಯನ್ನು ಮಡಿಸಿ ಪ್ಲೇಟಿನ ಮೇಲೆ ಬಿದ್ದಳು. ನನ್ನ ಕೈ ಅವಳ ಬೆನ್ನ ಮೇಲಿತ್ತು. ಅದು ಅಡ್ಡ ಬರಬಾರದೆಂದು ತೆಗೆದೆ. ಅಷ್ಟು ಬುದ್ಧಿ ಓಡಿತ್ತು ನನಗೆ. ಯಂತ್ರ ಗಕ್ಕೆಂದಿತು. ಅವನು ಬರುವಷ್ಟರಲ್ಲಿ ಅವಳು ಎದ್ದು ನೆಟ್ಟಗೆ ನಿಂತಿದ್ದಳು. ಕೈ ಎಲ್ಲಿತ್ತೋ ಅಲ್ಲೇ ಇತ್ತು.

ವ್ಯಾನಿನ ಕತ್ತಲ ಡಬ್ಬಿಯಲ್ಲಿ ತೊಳೆದು ತೆಗೆದ ಫಿಲ್ಮನ್ನು ಅವನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ. ಪಕ್ಕೆಲುಬುಗಳು ಮಸುಕು ಮಸುಕಾಗಿ, ಒಣಗಲು ಇಟ್ಟ ಬಿದಿರುಕಡ್ಡಿಗಳ ಹಾಗೆ ಸಾಲಾಗಿದ್ದವು. ಅವುಗಳ ಮೇಲೆ ಅವಳ ಕೈ. ನಡುಬೆರಳಿನ ಪಕ್ಕದಲ್ಲಿ, ಕಪ್ಪಿರಬೇಕಾದಲ್ಲಿ, ಹತ್ತಿಯ ಉಂಡೆಯಂಥ ಬಿಳುಪು. ನಾನು ಬಡಿದು ಗುರುತಿಟ್ಟುಕೊಂಡಿದ್ದ ಜಾಗವೇ.

“ಕೆಮ್ಮು ಎಷ್ಟು ದಿನದಿಂದ?” ಎಂದು ಅವನು ಕೇಳಿದ.

“ವಯಸ್ಸೆಷ್ಟು ಬಂತು?” ಎಂದು ಒಳಗೆ ಬಂದ ಸಾಹೇಬ ಕೇಳಿದ.

“ಸರ್, ಕೈ ಮೂಳೆ ಪಕ್ಕೆಲುಬಿನ ಜೊತೆ ಕಲೆಸಿಹೋಗಿದೆ. ಓದೋಕಾಗಲ್ಲ. ಆದ್ರೆ ಇಲ್ಲಿ ನೋಡಿ ಸರ್, ಶ್ವಾಸಕೋಶದಲ್ಲಿ—”

“ನಿನ್ನನ್ನ ಶ್ವಾಸಕೋಶ ಕೇಳಿದ್ನಾ ನಾನು?”

“ಇಲ್ಲ ಸರ್.”

“ವಯಸ್ಸು ಹೇಳು.”

“ಹೇಳೋಕಾಗಲ್ಲ ಸರ್.”

ಸಾಹೇಬ ನನ್ನ ಕಡೆ ತಿರುಗಿದ. ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ, ರಿಜಿಸ್ಟರಿನಲ್ಲಿ ಬರೆಯುತ್ತ ಗಟ್ಟಿಯಾಗಿ ಓದಿದ. “ಪರೀಕ್ಷೆಗೆ ಸಹಕರಿಸಲಿಲ್ಲ. ಹದಿನೆಂಟು ಖಾಯಂ. ಮರುಪರೀಕ್ಷೆ ಇಲ್ಲ.” ಪುಸ್ತಕ ಮುಚ್ಚಿ, “ಕಳ್ಳ ಸೂಳೆಮಗನೆ, ಯಾರಿಗೆ ಹೇಳಿಕೊಡ್ತೀಯಾ ಬುದ್ಧೀನ?” ಎಂದು ಮೆಟ್ಟಿಲಿಳಿದ.

ಫೋಟೋದವನು ಫಿಲ್ಮು ತೆಗೆದು ಕಸದ ಡಬ್ಬಿಯ ಮುಚ್ಚಳದ ಮೇಲಿಟ್ಟ, ಒಳಗೆ ಹಾಕಲಿಲ್ಲ. ನಮಗೆ ಬೆನ್ನು ಮಾಡಿ ಬಹಳ ಹೊತ್ತು ಕೈ ತೊಳೆದ. ನಾನು ಅದನ್ನು ಅಂಗಿಯೊಳಗೆ ಸೇರಿಸಿದೆ.

“ತಾತ,” ಎಂದ ತಿರುಗದೆಯೇ. “ಬೆರಳ ಸಂದುಗಳಲ್ಲಿ ಮೂಳೆ ಇನ್ನೂ ಕೂಡಿಕೊಂಡಿಲ್ಲ ಅವಳದ್ದು. ಮಸುಕಲ್ಲೂ ಕಾಣತ್ತೆ. ಆದ್ರೆ ಮಸುಕನ್ನ ಒಪ್ಪಲ್ಲ ಅವರು. ಕೈ ಒಂದೇ ಬಂದಿದ್ರೆ ಮಗು ಅಂತ ಬರೀತಿದ್ದೆ ನಾನು. ನಾಳೇನೇ ಆಸ್ಪತ್ರೆಗೆ ಕಳಿಸ್ಬೇಕಾಗ್ತಿತ್ತು.”

“ಹೋದ ಸಲ ಒಂಬತ್ತು ಜನಕ್ಕೂ...”

“ಅದು ಬೇರೆಯವನು. ನಾನು ಬಂದಿದ್ದು ಇವತ್ತೇ ಮೊದಲು.”

ಮೆಟ್ಟಿಲು ಮೂರೇ ಇದ್ದವು. ಇಳಿಯುವುದಕ್ಕೆ ಕೊಕ್ಕರೆಯೇ ನನ್ನ ಕೈ ಹಿಡಿದಳು. “ಚೆನ್ನಾಗಿ ಬಂತಾ ತಾತ ಫೋಟೋ?” ಎಂದಳು.

“ಚೆನ್ನಾಗಿ ಬಂತು ಕಣೇ.”

ಅವತ್ತು ವ್ಯಾನಿಗೆ ಹೋದ ಉಳಿದ ಆರು ಮಕ್ಕಳಲ್ಲಿ ನಾಲ್ವರು ಮಕ್ಕಳೆಂದು ಬಂತು. ಮೂರನೆಯ ದಿನ ಅವರನ್ನು ಕರೆದುಕೊಂಡು ಹೋದರು. ಟೈಲರಮ್ಮ ನನ್ನ ಮುಖ ನೋಡದೆ ಹೊಲಿಗೆ ಬಿಚ್ಚುತ್ತ ಕೂತಿದ್ದಳು. ಬಿಚ್ಚಿದ್ದನ್ನೇ ಮತ್ತೆ ಹೊಲಿದಳು.

ಫಿಲ್ಮು ಹಿಡಿದು ದವಾಖಾನೆಯ ಕಿಟಕಿಗೆ ಹೋದೆ. ಮಾತ್ರೆಯಮ್ಮ ಬೆಳಕಿಗೆ ಎತ್ತಿ ನೋಡಿದಳು. ಈ ಸಲ ನಗಲಿಲ್ಲ.

“ಇದರ ಮೇಲೆ ನಂಬರಿಲ್ಲ ತಾತ. ಯಾರದು ಅಂತ ಬರೆದಿಲ್ಲ. ನಾನು ಹೇಗೆ ತಗೊಳ್ಳಲಿ?”

“ಕೈ ಇದೆಯಲ್ಲಮ್ಮಾ ಅದರಲ್ಲಿ. ಇವಳ ಕೈ. ಪಕ್ಕಕ್ಕಿಟ್ಟು ನೋಡು.”

ಅವಳು ನೋಡಿದಳು. ಫಿಲ್ಮು ವಾಪಸು ಕೊಟ್ಟಳು. ಅದರ ಮೇಲೆ ಎರಡು ಮಾತ್ರೆ ಇದ್ದವು.

ನಾನು ಬ್ರೆಡ್ಡನ್ನು ನೀರಲ್ಲಿ ನಾದಿ ಅಂಟು ಮಾಡಿದೆ. ನಾದುವುದು ನನ್ನ ಕೈಗೆ ಮರೆತಿಲ್ಲ. ನಾವೆಲ್ಲ ಮಲಗುವ ದೊಡ್ಡ ಕೋಣೆಗೆ ಇರುವುದು ಒಂದೇ ಗಾಜಿನ ಕಿಟಕಿ, ಸಾಹೇಬನ ಕೋಣೆಯ ಎದುರಿಗೆ. ಅದಕ್ಕೆ ಫಿಲ್ಮನ್ನು ಮೆತ್ತಿದೆ, ನಾಲ್ಕು ಮೂಲೆಗೂ ಬಲವಾಗಿ.

ಮಧ್ಯಾಹ್ನ ಕಾವಲಿನವನು ಬಂದ. “ಏಯ್ ಮುದುಕ, ಏನದು? ತೆಗಿ.”

“ನನ್ನ ಮೊಮ್ಮಗಳ ಎದೆ. ನೀವೇ ತೆಗೀರಿ.”

ಅವನು ಕೈ ಎತ್ತಿದ. ಕಫದ ಸುದ್ದಿ ಅವನಿಗೂ ಗೊತ್ತಿತ್ತು. ಗಾಜಿನ ಹತ್ತಿರ ಹೋದ ಕೈ ಹಿಂದೆ ಬಂತು. “ಸಾಹೇಬ್ರಿಗೆ ಹೇಳ್ತೀನಿ ಇರು, ನಿನ್ನ...” ಎಂದು ಹೋದ. ಬೂಟಿನ ಸದ್ದು ಅಂಗಳ ದಾಟಿತು.

ಬಿಸಿಲು ಫಿಲ್ಮನ್ನು ಹಾದು ಒಳಗೆ ಬಿತ್ತು. ನೆಲದ ಮೇಲೆ ಬೆಳಕಿನ ಒಂದು ಕೈ ಐದು ಬೆರಳು ಬಿಚ್ಚಿ ಮಲಗಿತ್ತು. ಪಕ್ಕದಲ್ಲಿ ಆ ಬಿಳಿ ಉಂಡೆ. ಹೊತ್ತು ಸರಿದಂತೆ ಅದು ಚಾಪೆ ದಾಟಿ ಮೆಲ್ಲಗೆ ಕೊಕ್ಕರೆಯ ಬೆನ್ನೇರಿತು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಬೂಟುಗಳು ವಾಪಸು ಬರುತ್ತಿದ್ದವು, ಈ ಸಲ ಎರಡು ಜೊತೆ. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನಿಗೆ ಬಡಿದು ನೋಡಿದೆ. ಬಲಗಡೆ ಮಂಕು. ಒಂದು ಬೆರಳು ಕೆಳಗೆ ಬಡಿದೆ, ಅಲ್ಲೂ ಮಂಕು. ಇನ್ನೊಂದು ಬೆರಳು ಕೆಳಗೆ.