ನಾರಂಗದ ವಾರಸುದಾರರು

“ನಾಲಿಗಿ ಹಿಡಿದು ಮಾತಾಡ್ರಿ ಅಣ್ಣ! ಆರೆಂಜ್ ಅನ್ನೋ ಮಾತು ನಮ್ಮ ತೆಲುಗಿಂದು.”

“ಏ ಹೋಗಲೇ! ಇಂಗ್ಲೀಷ್‌ನೋರು ನಿಮ್ಮ ಆದೋನಿ ಸಂತಿಗೆ ಬಂದು ಹಣ್ಣಿನ ಹೆಸರು ಕೇಳಿಕೊಂಡು ಹೋದ್ರೇನು?”

ಸಿರುಗುಪ್ಪ ಬಸ್ ನಿಲ್ದಾಣದೆದುರಿನ ಹಣ್ಣಿನಂಗಡಿಯಲ್ಲಿ ಹೊನ್ನೂರಸ್ವಾಮಿಯ ದನಿ ಬಸ್ಸಿನ ಹಾರ್ನನ್ನೂ ಮೀರಿಸಿತ್ತು. ಎದುರಿಗೆ ನಿಂತವನು ಅವನ ಷಡ್ಡಕ, ಆಂಧ್ರದ ಆದೋನಿಯ ವೆಂಕಣ್ಣ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರೂ ಕೂಡಿ ಅಂಗಡಿ ನಡೆಸುತ್ತಿದ್ದರು. ನಿಜ ಹೇಳಬೇಕೆಂದರೆ ನಡೆಸುತ್ತಿದ್ದವನು ವೆಂಕಣ್ಣ. ಹೊನ್ನೂರಸ್ವಾಮಿ ಬಾಯಿ ತೆರೆದರೆ ಗಿರಾಕಿ ಪಕ್ಕದ ತಳ್ಳುಬಂಡಿಗೆ ಹೋಗುತ್ತಿದ್ದ. ಮರುದಿನ ಕುರುಗೋಡಿನಲ್ಲಿ ಹೊಸ ಅಂಗಡಿಯ ಪೂಜೆ. ಅಲ್ಲಿ ವೆಂಕಣ್ಣ ಕೂರಬೇಕು, ಅವನಿಲ್ಲದೆ ಆ ಅಂಗಡಿ ನಡೆಯುವುದಿಲ್ಲ. ಇದು ಹೊನ್ನೂರಸ್ವಾಮಿಗೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದೆಲ್ಲ ಸಿಟ್ಟು ಬಂದಾಗ ನೆನಪಿಗೆ ಬರುತ್ತದೆಯೇ?

ಜಗಳಕ್ಕೆ ಬೀಜ ಹಾಕಿದವಳು ಅವನ ಮಗಳು ಅಕ್ಷಿತಾ, ಬಳ್ಳಾರಿಯ ಕಾಲೇಜಿನಲ್ಲಿ ಓದುವವಳು. ಆರೆಂಜ್ ಎಂಬ ಹೆಸರು ಇಂಗ್ಲೀಷರದ್ದಲ್ಲ, ಮೂಲದಲ್ಲಿ ನಮ್ಮ ಕಡೆಯಿಂದ ಹೋದದ್ದು ಎಂದು ಹೇಳಿ ಬೆಳಿಗ್ಗೆ ಬಸ್ ಹತ್ತಿದ್ದಳು. ಹೊಸ ಅಂಗಡಿಯ ಬೋರ್ಡಿನ ಮೇಲೆ ಅದನ್ನೇ ಬರೆಸಬೇಕೆಂದು ಇಬ್ಬರಿಗೂ ಹುರುಪು ಬಂತು. ‘ಕನ್ನಡದ ಹೆಸರು’ ಎಂದು ಬರೆಸಬೇಕೆಂದ ಒಬ್ಬ. ‘ತೆಲುಗಿನ ಹೆಸರು’ ಎಂದ ಇನ್ನೊಬ್ಬ.

ಕೊನೆಗೆ ಅವಳಿಗೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಯುರೋಪಿಗೆ ಅರಬ್ಬರಿಂದ ಹೋತಪ್ಪ. ಅರಬ್ಬರಿಗೆ ಪಾರಸಿಯೋರಿಂದ, ಅವರಿಗೆ ಸಂಸ್ಕೃತದ ನಾರಂಗದಿಂದ. ದಾರ್ಯಾಗ ಮೊದಲಿನ ‘ನ’ ಉದುರಿತು. ಬಣ್ಣಕ್ಕ ಆ ಹೆಸರು ಬಂದಿದ್ದೂ ಹಣ್ಣಿಂದನ.”

“ಸಂಸ್ಕೃತಕ್ಕ ಯಾರು ಕೊಟ್ರು, ಅದು ಹೇಳವ್ವ.”

“ದಕ್ಷಿಣದ ಯಾವುದೋ ಭಾಷಿ ಇರಬೇಕಂತಾರ. ಯಾವುದಂತ ಖಾತ್ರಿ ಇಲ್ಲ.”

“ಕೇಳಿದೇನಲೇ? ದಕ್ಷಿಣ ಅಂದ್ರ ನಾವು!”

“ಕೇಳಿದ್ರೇನಣ್ಣ? ನಮ್ಮೋರು ಇವತ್ತಿಗೂ ನಾರಿಂಜ ಅಂತಾರ!”

“ಇಬ್ರೂ ಗೆದ್ರಿ ಬಿಡ್ರಿ, ನನಗ ಕ್ಲಾಸ್ ಐತಿ,” ಎಂದು ಅಕ್ಷಿತಾ ಫೋನ್ ಇಟ್ಟಳು.

ಅಷ್ಟರಲ್ಲಿ ಮುದುಕಿಯೊಬ್ಬಳು ಬಂದು, “ಆರೆಂಜ್ ಹೆಂಗಪ್ಪ ಕೇಜಿ?” ಎಂದಳು.

“ಆರೆಂಜ್ ಸಕ್ರಿ ಇದ್ದಂಗ ಐತಿ, ತಿಂದು ನೋಡವ್ವ,” ಎಂದು ವೆಂಕಣ್ಣ ಒಂದು ಹಣ್ಣು ಸುಲಿದು ಕೊಟ್ಟ.

ಹೊನ್ನೂರಸ್ವಾಮಿ ಚಪ್ಪಾಳೆ ತಟ್ಟಿ ನಕ್ಕ. “ಎಲ್ಲಿ ಹೋತಲೇ ನಿನ್ನ ನಾರಿಂಜ?”

“ನಿಮ್ಮ ಬಾಯಾಗ ಒಂದಿನಾದ್ರೂ ಕಿತ್ತಳಿ ಅಂತ ಬಂದೈತೇನ್ರಿ?”

ಬಂದಿರಲಿಲ್ಲ. ಈಗ ಬಂದದ್ದು ಬೇರೆ ಮಾತು. “ನನ್ನ ಅಂಗಡ್ಯಾಗ ಅನ್ನ ತಿಂದು ನನಗ ಎದುರು ಮಾತಾಡ್ತೀಯೇನಲೇ?”

ವೆಂಕಣ್ಣ ಮುದುಕಿಯ ಹಣ್ಣು ತೂಗಿ ಚೀಲಕ್ಕೆ ಹಾಕಿದ, ಮೇಲೊಂದು ಹಣ್ಣು ಇಟ್ಟ. ಕೈ ಒರೆಸಿಕೊಂಡ.

“ನಿಮ್ಮ ಅಂಗಡಿ ನೀವ ನೋಡಿಕೊಳ್ರಿ ಅಣ್ಣ,” ಎಂದು ಆದೋನಿ ಬಸ್ಸಿನತ್ತ ನಡೆದ.

“ಹೋಗಲೇ ಹೋಗು, ಸಂಜಿಗೆ ನೀನ ಬರ್ತೀ!”

ಸಂಜೆಗೆ ಬರಲಿಲ್ಲ. ಮರುದಿನ ಕುರುಗೋಡಿನಲ್ಲಿ ಹೊನ್ನೂರಸ್ವಾಮಿ ಒಬ್ಬನೇ ಕಾಯಿ ಒಡೆದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ. ತಲೆಯ ಮೇಲೆ ಬೋರ್ಡು, ಅದರಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದ ಗೆಲುವು: ‘ಆರೆಂಜ್ ಕನ್ನಡದ ಹೆಸರು’. ಮೊದಲ ಗಿರಾಕಿ ಅದನ್ನು ಓದಿ, “ಇದು ಖರೇನೇನ್ರಿ?” ಎಂದು ಕೇಳಿದ.

“ಓದಾಕ ಬಂದೀರೋ, ಹಣ್ಣು ತಗೊಳ್ಳಾಕ ಬಂದೀರೋ?”

ಗಿರಾಕಿ ಚೀಲ ಮಡಚಿಕೊಂಡು ಹೊರಟುಹೋದ. ಅಂಗಡಿಯೆದುರು ಬಸ್ ನಿಂತಾಗಲೆಲ್ಲ ಹೊನ್ನೂರಸ್ವಾಮಿ ಕತ್ತು ಚಾಚಿ ನೋಡಿದ. ವೆಂಕಣ್ಣ ಅಂದೂ ಇಳಿಯಲಿಲ್ಲ, ಆಮೇಲೆಯೂ ಇಳಿಯಲಿಲ್ಲ.