ಗೋವಾದ ಮರಳು

ನಾನು ಗೋವಾದಲ್ಲಿ ಕಾಲಿಟ್ಟ ದಿನ ಸಮುದ್ರ ಅರ್ಧ ಗಂಟೆ ಅಲೆ ಎಬ್ಬಿಸುವುದನ್ನೇ ಮರೆತು ನಿಂತುಬಿಟ್ಟಿತ್ತು. ಮೀನು ಹಿಡಿಯುವವರು ಬಲೆ ಬಿಟ್ಟು ಓಡಿಬಂದು, ಯಾರಮ್ಮ ನೀನು ಎಂದು ವಿಚಾರಿಸಿದರು. ಭದ್ರಾವತಿಯ ಜನ್ನಾಪುರದ ಜನಾರ್ದನ ಮೇಸ್ತ್ರಿಯ ದೊಡ್ಡ ಮಗಳು ಸುಷ್ಮಾ ಎಂದು ಹೇಳಿದ ಮೇಲೆಯೇ ಅಲೆಗಳು ಮತ್ತೆ ಶುರುವಾದದ್ದು.

ಇದನ್ನೆಲ್ಲ ನಾನು ಅಪ್ಪನ ಕಾಲುಗುರು ಕತ್ತರಿಸುತ್ತ ಹೇಳುತ್ತಿದ್ದೆ. ಮನೆಗೆ ಬಂದು ಒಂದು ಗಂಟೆಯೂ ಆಗಿರಲಿಲ್ಲ. ನಾಲ್ಕು ದಿನ ಅಪ್ಪನನ್ನು ನೋಡಿಕೊಂಡಿದ್ದ ತಂಗಿ ಕವನಾ, ಶಿವಮೊಗ್ಗದ ರವೀಂದ್ರನಗರದ ತನ್ನ ಮನೆಗೆ ಹೊರಡಲು ಬ್ಯಾಗು ತುಂಬುತ್ತಿದ್ದಳು.

ಅಪ್ಪ ಗಾರೆ ಕೆಲಸದವರು. ಅರ್ಧ ಭದ್ರಾವತಿ ಅವರು ಕಟ್ಟಿದ್ದು. ಉಳಿದರ್ಧ ಅವರನ್ನು ನೋಡಿ ಕಲಿತವರು ಕಟ್ಟಿದ್ದು. ಸಕ್ರೆಬೈಲಿನ ಆನೆಗಳೆಲ್ಲ ಸಾಲಾಗಿ ಬಂದು ಒರಗಿದರೂ ಅವರ ಗೋಡೆ ಅಲುಗದು, ಆನೆಗಳಿಗೇ ಬೆನ್ನುನೋವು. ಅಂಥವರ ಕಣ್ಣನ್ನು ಸಕ್ಕರೆ ಕಾಯಿಲೆ ತಿಂದು ಒಂಬತ್ತು ವರ್ಷವಾಯಿತು. ಅಂದಿನಿಂದ ತಟ್ಟೆಯ ಮುಂದೆ ಕೂರಿಸುವುದು, ಇನ್ಸುಲಿನ್ ಚುಚ್ಚುವುದು, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವುದು ಎಲ್ಲ ನನ್ನದು. ನಡುನಡುವೆ ರವಿಕೆ ಹೊಲಿಯುತ್ತೇನೆ. ನಾನು ಹೊಲಿದ ರವಿಕೆ ತೊಟ್ಟ ಮೇಲೂ ಮದುವೆಯಾಗದೆ ಉಳಿದ ಹುಡುಗಿ ಇಡೀ ಜಿಲ್ಲೆಯಲ್ಲಿಲ್ಲ. ನನಗೆ ಹೊಲಿದುಕೊಳ್ಳಲು ಮಾತ್ರ ಪುರುಸೊತ್ತಾಗಲಿಲ್ಲ.

ನಲವತ್ಮೂರು ತುಂಬಿದ ಮೇಲೆ, ಒಬ್ಬಳೇ ಸಮುದ್ರ ನೋಡಿ ಬರುತ್ತೇನೆ ಎಂದಾಗ ಕವನಾ ನಕ್ಕಿದ್ದಳು. ಗೋವಾಕ್ಕೆ ಗಂಡಸರೇ ಸುಳ್ಳು ಹೇಳಿ ಹೋಗುತ್ತಾರೆ, ನೀನು ಹೇಳಿಯೇ ಹೋಗುತ್ತೀಯಲ್ಲ ಮಾರಾಯ್ತಿ ಎಂದಿದ್ದಳು. ಅಪ್ಪ ಬೇಡ ಎನ್ನಲಿಲ್ಲ. ಸಮುದ್ರದ ಮರಳಲ್ಲಿ ಕಟ್ಟಿದ ಗೋಡೆ ನಿಲ್ಲುವುದಿಲ್ಲವಂತೆ, ನಾನು ಮುಟ್ಟಿಯೇ ನೋಡಿಲ್ಲ, ಒಂದು ಹಿಡಿ ತಾ ಎಂದಷ್ಟೇ ಕೇಳಿದ್ದರು.

ಕವನಾ ಈಗ ಫೋಟೋ ಎಲ್ಲಿ ಎಂದಳು. ಕ್ಯಾಮರಾಕ್ಕೆ ಉಪ್ಪುನೀರು ನುಗ್ಗಿದ ಕಥೆಯನ್ನು ವಿವರವಾಗಿ ಹೇಳಿದೆ. ಮುಖ ಕಪ್ಪಾಗಿಲ್ಲವಲ್ಲ ಎಂದಳು. ಗೋವಾದ ಬಿಸಿಲಿಗೂ ದೊಡ್ಡವರು ಚಿಕ್ಕವರು ಗೊತ್ತಾಗುತ್ತದೆ ಎಂದೆ. ದಿನಾ ಸಂಜೆ ಫೋನಿನಲ್ಲಿ ಅಲೆಗಳ ಸದ್ದು ಕೇಳಿಸಿರಲಿಲ್ಲವೇ ಎಂದು ದಬಾಯಿಸಿದ ಮೇಲೆ ಮತ್ತೆ ಬ್ಯಾಗಿನ ಕಡೆ ತಿರುಗಿದಳು.

ಆಮೇಲೆ ಮರಳಿನ ಪೊಟ್ಟಣವನ್ನು ಅಪ್ಪನ ಅಂಗೈ ಮೇಲೆ ಸುರಿದೆ. ಅವರು ಎರಡೂ ಅಂಗೈಗಳ ನಡುವೆ ಅದನ್ನು ಉಜ್ಜಿ, ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ಉಜ್ಜಿದರು. ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡರು. ಕವನಾ ಕಾಲಿಗೆ ನಮಸ್ಕರಿಸಿ ಹೊರಟಳು. ಗೇಟು ಹಾಕಿಕೊಂಡ ಸದ್ದಾಯಿತು.

"ಗಂಗಾ ಸ್ನಾನ, ತುಂಗಾ ಪಾನ ಅಂತಾರಲ್ಲ. ಪಾನ ಮಾಡಿಸ್ದೆ ಬಿಡು," ಎಂದರು ಅಪ್ಪ. "ಉಪ್ಪಿಲ್ಲ. ನಮ್ಮ ಭದ್ರೆ ಮರಳೂ ಅಲ್ಲ ಇದು. ಶಿವಮೊಗ್ಗದಲ್ಲಿ ಎಲ್ಲಿದ್ದೆ?"

ತುಂಗೆಯೂ ಹರಿದು ಸಮುದ್ರವನ್ನೇ ಸೇರುವುದಲ್ಲವೇ ಎಂದು ನೋಡಿದೆ. ಅದು ಸೇರುವುದು ಆ ಕಡೆಯ ಸಮುದ್ರ, ಗೋವಾ ಈ ಕಡೆ ಎಂದರು.

ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿದ್ದೆ ಎಂದೆ. ಅಲೆಯ ಸದ್ದು ಟೇಬಲ್ ಫ್ಯಾನಿನದು ಎಂದೂ ಹೇಳಿದೆ. ಗೋವಾದ ಬಸ್ಸು ದಿನಾ ಕಿಟಕಿಯ ಕೆಳಗೇ ಹಾದು ಹೋಗುತ್ತಿತ್ತು.

ಅಪ್ಪ ಕುರ್ಚಿಯಿಂದ ಎದ್ದರು. ನಾನು ಕೈ ಕೊಡಲು ಹೋದರೆ ತಳ್ಳಿದರು. ಎಡಗೈಯನ್ನು ಗೋಡೆಗೆ ಹಚ್ಚಿ, ಬಾಯಲ್ಲೇ ಹೆಜ್ಜೆ ಎಣಿಸುತ್ತ ನಡೆದರು. ಹೊಸಲಿನ ಬಳಿ ಕಾಲೆತ್ತಿದರು, ಎಡವಲಿಲ್ಲ. ಹದಿನಾರಕ್ಕೆ ಬಚ್ಚಲ ಬಾಗಿಲು ಸಿಕ್ಕಿತು. ಅಂಗೈಗೆ ಅಂಟಿದ್ದ ಮರಳು ಗೋಡೆಯುದ್ದಕ್ಕೂ ಉದುರಿತ್ತು.

"ನಾಲ್ಕು ದಿನದಲ್ಲಿ ಕಲ್ತೆ. ನಿಂಗೆ ಹೇಳ್ಬೇಡ ಅಂತ ಕವನಾಗೆ ಅಂದಿದ್ದೆ," ಎಂದರು, ಬಾಗಿಲ ಕಡೆಗೇ ಮುಖ ಮಾಡಿಕೊಂಡು. "ನೀನು ಬರಲ್ಲ ಅಂದ್ಕೊಂಡಿದ್ದೆ. ಯಾಕೆ ಬಂದೆ?"

ಇದಕ್ಕೊಂದು ಸುಳ್ಳು ನನ್ನ ಬಳಿ ಇರಬೇಕಿತ್ತು. ಹುಡುಕಿದೆ, ಸಿಗಲಿಲ್ಲ.

"ಟಿಕೆಟ್ ಕೌಂಟರಿನಲ್ಲಿ ವಾಪಸ್ ಬರೋಕೂ ಬುಕ್ ಮಾಡ್ಲಾ ಮೇಡಂ ಅಂತ ಕೇಳಿದ್ರು ಅಪ್ಪ," ಎಂದೆ. "ಬೇಡ ಅಂದೆ. ಯೋಚ್ನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಅದೇ ಬಂತು. ಆಮೇಲೆ ಬಸ್ಸು ಹತ್ತೋಕೆ ಭಯ ಆಯ್ತು, ಹತ್ತಿದ್ರೆ ತಿರುಗಿ ಬರ್ತಿರ್ಲಿಲ್ವೇನೋ ಅಂತ. ನಾಲ್ಕು ದಿನಾನೂ ಆಯ್ತು."

ಅಪ್ಪ ತಿರುಗಿ, ಬಲಗೈಯನ್ನು ಗೋಡೆಗೆ ಹಚ್ಚಿ, ಒಂದು ಎಂದರು. ಎರಡು. ಅವರ ಬರಿಗಾಲಿನ ಅಡಿಯಲ್ಲಿ ತುಂಗೆಯ ಮರಳು ಕರಕರ ಎನ್ನುತ್ತಿತ್ತು. ಹನ್ನೊಂದಕ್ಕೆ ಲೆಕ್ಕ ತಪ್ಪಿತು, ನಿಂತರು. ನಾನು ಉಗುರು ಕತ್ತರಿ ಹಿಡಿದುಕೊಂಡು ಕೂತಿದ್ದವಳು ಏಳಲಿಲ್ಲ.